ಸೊನ್ನಿ ಎಣಿಸೋ ಹುಡುಗರು

ಲಾಗರಿದಮ್ ಎಂದರೆ ಪಿಯುಸಿ ದಾಟಿದ ದೊಡ್ಡವರೂ ಮಾತು ಬದಲಿಸುತ್ತಾರೆ. ಸಣ್ಣ ಹುಡುಗರಿಗೆ ಆ ಭಯವಿಲ್ಲ. ಅವರಿಗೆ ಇನ್ನೂ ಯಾರೂ ಹೆದರಿಸಿಲ್ಲ. ನಂಬಿಕೆ ಬಾರದಿದ್ದರೆ ಗಣಪತಿ ಹಬ್ಬಕ್ಕೆ ತುಂಗಭದ್ರೆಯ ದಂಡೆಯ ಐರಣಿಗೆ ಬನ್ನಿ. ಪಾಠದ ಸಾಮಾನು ಟ್ರ್ಯಾಕ್ಟರ್ ಏರಿಯೇ ಬರುತ್ತದೆ: ಡಿಜೆ ಬಾಕ್ಸು.

ಲಾಗರಿದಮ್ ಅಂದರೆ ಸೊನ್ನೆ ಎಣಿಸುವುದು, ಹುಡುಗರಿಗೆ ಒಂದೇ ಸೂತ್ರ ಸಾಕು. "ಎಷ್ಟು ಡೆಸಿಬೆಲ್ ಕೇಳ್ರಿ, ಕೊನೀ ಸೊನ್ನಿ ಅಳಸ್ರಿ. ಎಷ್ಟು ಉಳೀತೋ, ಒಂದರ ಮುಂದ ಅಷ್ಟು ಸೊನ್ನಿ ಬರೀರಿ." ಪಿಸುಮಾತು ಸುಮಾರು 30 ಡೆಸಿಬೆಲ್, ಅಂದರೆ ಮೂರು ಸೊನ್ನೆ: ಕಿವಿಗೆ ಬೀಳುವ ಅತಿ ಸಣ್ಣ ಸದ್ದಿನ ಕಸುವಿಗೆ 1000 ಪಟ್ಟು. ಕಟ್ಟೆಯ ಮೇಲಿನ ಮಾತುಕತೆ 60: ಹತ್ತು ಲಕ್ಷ ಪಟ್ಟು. ಡಿಜೆ 100 ಮುಟ್ಟಿತೋ, ಸಾವಿರ ಕೋಟಿ ಪಟ್ಟು!

"ಕಾಕಾ, ಅಂಥಾದ್ದ ಇನ್ನೊಂದ್ ಬಾಕ್ಸ್ ಇಟ್ರ 200 ಆಕ್ಕತೇನು?"

ಇಲ್ಲಪ್ಪಾ, 103. ಕಸುವು ಎರಡು ಪಟ್ಟಾದರೂ ಹೊಸ ಸೊನ್ನೆ ಹುಟ್ಟಲಿಲ್ಲ. ಹತ್ತು ಬಾಕ್ಸ್ ಇಟ್ಟರೆ ಒಂದು ಸೊನ್ನೆ ಕೂಡಿ 110 ಆಗುತ್ತದೆ. ಆಗಲೂ ಕಿವಿಗೆ ಅನಿಸುವುದು ಹೆಚ್ಚೂಕಡಿಮೆ ಎರಡು ಪಟ್ಟು ಗದ್ದಲ. ಬಾಡಿಗೆ ಮಾತ್ರ ಹತ್ತು ಪಟ್ಟು. ಈ ಲೆಕ್ಕ ಕಮಿಟಿಯವರಿಗೆ ಗೊತ್ತಾದರೆ ಉಳಿದ ಪಟ್ಟಿ ಹಣದಲ್ಲಿ ಊರಿಗೆಲ್ಲ ಇನ್ನೊಂದು ಸುತ್ತು ಹುಗ್ಗಿ!

"ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೂ ಸೊನ್ನಿ ಎಣಿಸಬೇಕೇನ್ರಿ?" ಬೇಡ. 1912ರಲ್ಲಿ ಸ್ಕೋವಿಲ್ ಎಂಬಾತ ಕಟ್ಟಿದ ಆ ಅಳತೆ ನೆಟ್ಟಗಿದೆ: 20,000 ಅಂದರೆ 10,000ದ ಎರಡರಷ್ಟೇ. ಬ್ಯಾಡಗಿಯ ಹೆಸರು ಬಣ್ಣಕ್ಕೆ, ಅದಕ್ಕೆ ಖಾರದ ಜಂಬವಿಲ್ಲ. ಭೂಕಂಪದವರು ಮಾತ್ರ ಡಿಜೆಯವರ ಬಳಗ. 1935ರ ರಿಕ್ಟರ್ ಅಳತೆಯಲ್ಲಿ 5 ಹೋಗಿ 6 ಆದರೆ ಯಂತ್ರದ ಗೀರು ಹತ್ತು ಪಟ್ಟು ಉದ್ದ, ಹೊಮ್ಮುವ ಶಕ್ತಿ ಸುಮಾರು 32 ಪಟ್ಟು.

ದೊಡ್ಡವರು ಎಡವುವುದು ಈ ಸೊನ್ನೆಗಳ ಲೆಕ್ಕದಲ್ಲೇ. 2000ದ ಶಬ್ದಮಾಲಿನ್ಯ ನಿಯಮದಂತೆ ಮನೆಗಳಿರುವ ಕಡೆ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಹಗಲು ಹೊತ್ತು ಡಿಜೆ 95 ತೋರಿಸಿದರೆ ಕಮಿಟಿಯ ಹಿರಿಯರು, "ಏ, ನಲವತ್ತ ಹೆಚ್ಚಾತಲ್ಲ, ಬಿಡ್ರಿ" ಅಂತಾರೆ.

ಎರಡನೇ ಇಯತ್ತೆಯ ಹುಡುಗಿ ಬಿಡುವವಳಲ್ಲ: "ಅಜ್ಜಾ, ನಲವತ್ತಲ್ಲ. ನಾಕ್ ಸೊನ್ನಿ. ಹತ್ತ್ ಸಾವಿರ ಪಟ್ಟು!"

ಅಜ್ಜನಿಗೆ ಕೇಳಿಸಿದರೆ ತಾನೆ? ಡಿಜೆ ಇನ್ನೂ ನಡೆದಿದೆ.