ಬೇರು ನೋಡಿ ಸಸಿ ತಗೋ

"ಅಕ್ಕಾ, ಬೇರಿಗೆ ಒಂದು ಚಿಟಿಕೆ ಮಣ್ಣೂ ಇಲ್ಲದ ಗಿಡ ಬದುಕ್ತೈತಾ?"

ಗೋಡೆಯಾಚೆಯ ಹುಡುಗ ಕೇಳಿದ. ಹುಡುಗ ಅಂದೆ, ಅವನಿಗೀಗ ಇಬ್ಬರು ಮಕ್ಕಳು. ಕೆಲಸ ಬಳ್ಳಾರಿಯಲ್ಲಿ, ಹೊಲ ಸಿರುಗುಪ್ಪದ ಕಡೆ. ಬೇಸಾಯ ಅವನ ತಮ್ಮನದು. ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಬಿಸಿಲಿಳಿದ ಮೇಲೆ, ಗುಡ್ಡದ ಬಂಡೆ ಇನ್ನೂ ಕಾವು ಬಿಡುತ್ತಿರುವ ಹೊತ್ತಿಗೆ ನಾನು ಗಿಡಕ್ಕೆ ನೀರು ಹಾಕಲು ಬರುತ್ತೇನೆ, ಅವನು ಗೋಡೆಗೆ ಮೊಣಕೈಯೂರಿ ನಿಲ್ಲುತ್ತಾನೆ.

ತಮ್ಮ ಸಾಗವಾನಿ ಸ್ಟಂಪು ತಂದು ಹೊಲದ ಸುತ್ತ ಹಚ್ಚಬೇಕು ಅಂತ ಹೊರಟಿದ್ದಾನಂತೆ. ಫೋಟೊ ತೋರಿಸಿದ. ಎಲೆಯಿಲ್ಲ, ಟೊಂಗೆಯಿಲ್ಲ, ಸೌದೆ ಚೂರಿನಂಥ ಕಡ್ಡಿಗಳ ಒಂದು ಕಟ್ಟು. "ಇದಕ್ಕೆ ದುಡ್ಡು ಕೊಡೋದಾ ಅಕ್ಕಾ?"

"ಅಲ್ಲ ತಮ್ಮಾ, ನೆಲ್ಲಿನ ನಾಡಿನವನು ನೀನು. ಸಸಿಮಡಿಯಿಂದ ಕಿತ್ತು, ಬೇರು ತೊಳೆದು, ಕಟ್ಟು ಕಟ್ಟಿ, ಇನ್ನೊಂದು ಗದ್ದೆಯಲ್ಲಿ ನಾಟಿ ಮಾಡ್ತೀರಲ್ಲ, ಅದರ ಬೇರಿಗೆ ಎಷ್ಟು ಮಣ್ಣಿರ್ತೈತೆ?"

ಅವನು ಸುಮ್ಮನಾದ. ನನಗೆ ಕುರುಗೋಡು ನೆನಪಾಯಿತು. ಅಲ್ಲಿ ನಮ್ಮಮ್ಮ ಮೆಣಸಿನ ಸಸಿ ಕೀಳುವುದನ್ನು ನೋಡಿ ಬೆಳೆದವಳು ನಾನು. ಈಗ ಹೆಚ್ಚಿನವರು ನೆರಳುಪರದೆ ನರ್ಸರಿಯಿಂದ ಟ್ರೇ ಸಸಿ ತರುತ್ತಾರೆ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆದದ್ದು. ಆಗ ಮಡಿ ಸಸಿ. ನಲವತ್ತು ದಿನ ದಾಟಿದ ಮಡಿಗೆ ಮೊದಲು ಚೆನ್ನಾಗಿ ನೀರುಣಿಸಿ, ಮಣ್ಣು ಮೆತ್ತಗಾದ ಮೇಲೆ ಬುಡ ಹಿಡಿದು ಎತ್ತುತ್ತಿದ್ದಳು. ಒಣ ಮಡಿಯಿಂದ ಎಳೆದರೆ ಸಸಿ ಕೈಗೆ ಬರುತ್ತದೆ, ಬೇರು ನೆಲದಲ್ಲೇ ಉಳಿಯುತ್ತದೆ. ಕಿತ್ತ ಕೂಡಲೇ ಸಗಣಿ, ಕೆಮ್ಮಣ್ಣು ಕಲಸಿದ ರಾಡಿಯಲ್ಲಿ ಅದ್ದಿ, ಒದ್ದೆ ಬಟ್ಟೆ ಸುತ್ತಿ ನೆರಳಿಗೆ. ಹಚ್ಚುವುದು ಹೊತ್ತು ಇಳಿದ ಮೇಲೆ. ಅರಣ್ಯದವರು ಮರದ ಸಸಿಗೂ ಹೀಗೇ ರಾಡಿ ಹಚ್ಚುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ಅಮ್ಮನ ಮೇಲೆ ಅಂದು ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

ವಿಷಯ ಇಷ್ಟೇ. ಬೇರಿನ ತುದಿಯ ಬಳಿ ಕೂದಲಿನಂಥ ಎಳೆಗಳಿವೆ, ನೀರು ಕುಡಿಯುವುದು ಹೆಚ್ಚಾಗಿ ಅವುಗಳಿಂದಲೇ. ಬಿಸಿಲು, ಗಾಳಿ ತಾಗಿದರೆ ಕೆಲವೇ ನಿಮಿಷದಲ್ಲಿ ಸಾಯುತ್ತವೆ. ಹಿಮ ಬೀಳುವ ದೇಶಗಳಲ್ಲಿ ಎಲೆಯುದುರಿಸಿ ನಿದ್ದೆಹೋದ ಮರವನ್ನು ಚಳಿಗಾಲದಲ್ಲಿ ಅಗೆದು, ಮಣ್ಣು ಕೊಡವಿ ಮಾರುತ್ತಾರೆ. ನಿದ್ದೆಯಲ್ಲಿರುವ ಗಿಡಕ್ಕೆ ದಾಹ ಕಡಿಮೆ. ನಮ್ಮಲ್ಲಿ ಅಂಥ ಚಳಿಗಾಲದ ನಿದ್ದೆಯಿಲ್ಲ. ಅದಕ್ಕೇ ಸಾಗವಾನಿಯ ಎಲೆ, ಕಾಂಡ ಎಲ್ಲ ಕತ್ತರಿಸಿ ದಾಹವನ್ನೇ ತೆಗೆದುಬಿಡುತ್ತಾರೆ. ಮಡಿಯಲ್ಲಿ ವರ್ಷ ಬೆಳೆದ ಗಿಡ ಅಗೆದು, ಮೇಲೆ ಒಂದಂಗುಲ ಕಾಂಡ, ಕೆಳಗೆ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ತಾಯಿಬೇರು ಉಳಿಸಿ, ಪಕ್ಕದ ಬೇರೆಲ್ಲ ಸವರಿ ಹಾಕಿದರೆ ಸ್ಟಂಪು. ಆಹಾರವೆಲ್ಲ ಆ ದಪ್ಪ ಬೇರಿನಲ್ಲೇ ಕೂಡಿಟ್ಟಿರುತ್ತದೆ.

"ಹಂಗಾದ್ರೆ ಕಟ್ಟಿನಲ್ಲಿ ಯಾವುದು ಒಳ್ಳೇದು ಅಂತ ಹೆಂಗೆ ಆರಿಸೋದು?"

"ಹೆಬ್ಬೆರಳಿನ ದಪ್ಪ ಇರಬೇಕು. ಕಿರುಬೆರಳಿಗಿಂತ ಸಣ್ಣದು ಬಿಟ್ಟುಬಿಡು, ತಿನ್ನೋಕೆ ಏನೂ ಇಲ್ಲದ ಮನೆ ಅದು. ಉಗುರಿನಿಂದ ಸಿಪ್ಪೆ ಕೆರೆದು ನೋಡು, ಒಳಗೆ ಹಸಿ ಇರಬೇಕು. ಸಿಪ್ಪೆ ಸುಕ್ಕುಗಟ್ಟಿದ್ರೆ ಒಣಗೈತೆ. ಕತ್ತರಿಸಿದ ಬಾಯಿ ನುಣ್ಣಗಿರಬೇಕು, ಮಚ್ಚಿನಿಂದ ಜಜ್ಜಿ ಸೀಳಿರಬಾರದು. ಕಟ್ಟು ಬಿಸಿಲಲ್ಲಿ ಇಟ್ಟಿದ್ರೆ ಎಷ್ಟೇ ಅಗ್ಗ ಅಂದ್ರೂ ವಾಪಸ್ ಬಾ."

ಒಂದು ಮಾತು ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಹೇಳಿಬಿಟ್ಟೆ. "ನೀರು ನಿಲ್ಲೋ ಎರೆ ಹೊಲಕ್ಕೆ ಸಾಗವಾನಿ ಬೇಡ ತಮ್ಮಾ." ಕಾಲುವೆ ನೀರು ಕುಡಿದು ಕುಡಿದು ಆ ಕಡೆ ಎಷ್ಟೋ ನೆಲ ಜೌಗು, ಚೌಳು ಹತ್ತಿದೆ. ಬೇರಿಗೆ ಉಸಿರಾಟವಿಲ್ಲದ ಜಾಗದಲ್ಲಿ ಸಾಗವಾನಿ ಹಳದಿಯಾಗಿ ಕೊರಗುತ್ತದೆ. ಎತ್ತರದ ಬದು, ನೀರು ಬಸಿಯುವ ಕೆಂಪು ನೆಲ ಇದ್ದರೆ ಸರಿ. ತಗ್ಗಿಗೆ ಹೊಂಗೆ. ಹೊಂಗೆಯದು ಹಳ್ಳದ ದಂಡೆಯ ಜಾತಿ; ನೀರನ್ನೂ ಚೌಳನ್ನೂ ತಾಳುತ್ತದೆ.

"ಇಷ್ಟೆಲ್ಲ ರಗಳೆ ಯಾಕಕ್ಕಾ, ಪಾಕೀಟಿನ ಸಸಿ ತಂದ್ರಾಯ್ತಲ್ಲ?"

ಆ ಪ್ರಶ್ನೆ ನನ್ನ ಹಳೆಯ ಗಾಯಕ್ಕೆ ತಾಗಿತು. ಈಗ ಕಟ್ಟೆ ಮಾತ್ರ ಉಳಿದಿರುವ ಜಾಗದಲ್ಲಿ ಬೇವಿನ ಮರವೊಂದಿತ್ತು. ತರುವಾಗ ಆಳೆತ್ತರ, ಹಸಿರೆಂದರೆ ಹಸಿರು. ಎಲೆ ನೋಡಿ ಮರುಳಾದೆ. ಆರು ವರ್ಷ ನೆರಳು ಕೊಟ್ಟಿತು. ಒಂದು ವೈಶಾಖದ ಸಂಜೆ ಗಾಳಿಗೆ ಬುಡಸಮೇತ ಮಲಗಿತು. ನೋಡಿದರೆ ಬೇರು ಪಾಕೀಟಿನ ಆಕಾರದಲ್ಲೇ ಸಿಂಬೆ ಸುತ್ತಿಕೊಂಡಿತ್ತು. ಆರು ವರ್ಷ ನೆಲದಲ್ಲಿದ್ದೂ ಆ ಸಿಂಬೆ ಬಿಚ್ಚಿರಲಿಲ್ಲ. ಸಣ್ಣ ಪಾಕೀಟಿನಲ್ಲಿ ಎರಡು ಮೂರು ವರ್ಷ ಉಳಿದುಹೋದ ಸಸಿ ಅದು. ಆ ದಿನ ನಾನು ಅತ್ತದ್ದು ನಿಜ. ಅಂದಿನಿಂದ ಪಾಕೀಟು ಕೊಂಡರೂ ಒಂದನ್ನು ಹರಿದು ತೋರಿಸಿ ಎನ್ನುತ್ತೇನೆ, ಆ ಒಂದರ ದುಡ್ಡು ಬೇಕಾದರೆ ಕೊಡುತ್ತೇನೆ. ಐದು ಅಡಿಯ ಮುದಿ ಸಸಿಗಿಂತ ಒಂದೂವರೆ ಅಡಿಯ ಎಳೆ ಸಸಿ ಲೇಸು.

ಅಂಜೂರ, ದಾಳಿಂಬೆಗೆ ಬೇರು ಕಾಣುವುದು ಇನ್ನೂ ಮುಖ್ಯ. ಬಳ್ಳಾರಿಯ ಅಂಜೂರ ಹೆಸರಾದದ್ದು, ಆ ಹೆಸರಿನ ತಳಿಯೇ ಇದೆ. ಬಲಿತ ಕಡ್ಡಿಯಿಂದ ಬೇರು ಬರಿಸಿ ಸಸಿ ಮಾಡುತ್ತಾರೆ. ಇವೆರಡಕ್ಕೂ ಬೇರುಗಂಟಿನ ಜಂತುಹುಳುವಿನ ಕಾಟ. ಕಣ್ಣಿಗೆ ಕಾಣದ ಹುಳು, ಆದರೆ ಬೇರಿನ ಮೇಲೆ ಅದು ಎಬ್ಬಿಸುವ ಗಂಟು ಕಾಣುತ್ತದೆ, ಸಾಸಿವೆಯಿಂದ ಹಿಡಿದು ಕಡಲೆ ಗಾತ್ರದವರೆಗೆ. ಒಂದು ಪಾಕೀಟಿನ ಮಣ್ಣಿನ ಜೊತೆ ತೋಟಕ್ಕೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದಿಲ್ಲ. ಪಾಕೀಟಿನಲ್ಲಿ ಮುಚ್ಚಿರುವ ಈ ಗಂಟು ಬರಿಬೇರಿನಲ್ಲಿ ಕಣ್ಣೆದುರೇ ಇರುತ್ತದೆ. ಹೀಗಾಗಿ ನನಗೆ ಮಣ್ಣಿಲ್ಲದ ಬೇರಿನ ಮೇಲೆ ನಂಬಿಕೆ ಜಾಸ್ತಿ.

ಆದರೆ ಎಲ್ಲದಕ್ಕೂ ಅಲ್ಲ. "ಶ್ರೀಗಂಧ?" ಎಂದ. ಅದನ್ನಂತೂ ಮಣ್ಣು ಕೊಡವಿ ತರಲೇಬಾರದು. ಶ್ರೀಗಂಧ ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ಅದರಿಂದ ಹೀರುವ ಮರ. ಪಾಕೀಟಿನಲ್ಲೇ ತೊಗರಿಯೋ ಹೊನಗೊನ್ನೆಯೋ ಜೊತೆಗಿರಬೇಕು. ಜೊತೆಗಾರನಿಲ್ಲದ ಸಸಿ ಕೊಟ್ಟರೆ ಕೊಳ್ಳಬೇಡ ಎಂದೆ. ಮಾವು, ಬೇವು, ಹೊಂಗೆಯಂಥ ಎಲೆತುಂಬಿದ ಸಸಿಗೂ ನಮ್ಮ ಬಿಸಿಲಿನಲ್ಲಿ ಪಾಕೀಟೇ ಸರಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನೂ ನೆನಪಿಸಿದೆ. 2011-12ರಲ್ಲಿ ಶುರುವಾದದ್ದು. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಕೊಂಡು ನೆಟ್ಟರೆ, ಬದುಕಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ. ಬದುಕಿದ ಗಿಡ ಎಣಿಸಿ ಹಣ ಕೊಡುವ ಪದ್ಧತಿ ನನಗೆ ಬಹಳ ಇಷ್ಟ. ಗುಂಡಿ ತೋಡಿ ಫೋಟೊ ತೆಗೆಸಿಕೊಂಡವರ ಲೆಕ್ಕ ಯಾರಿಗೆ ಬೇಕು? ಯಾವ ಜಾತಿಗೆ ಹಣ ಉಂಟು, ಯಾವುದಕ್ಕಿಲ್ಲ ಎಂದು ಮೊದಲೇ ಕೇಳಿಕೊಂಡು, ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ವಲಯ ಅರಣ್ಯ ಕಚೇರಿಗೆ ಹೋಗಲಿ ನಿನ್ನ ತಮ್ಮ ಎಂದೆ.

ಮರ ಆರಿಸುವ ಮಾತು ಬಂದಾಗ ನೆನಪಾಗುವುದು ನಮ್ಮ ಊರಿನ ಹೆಸರು ಹೊತ್ತ ಬಳ್ಳಾರಿ ಜಾಲಿ. ನಮ್ಮಲ್ಲಿ ಯಾರೂ ಕೊಳ್ಳಲಿಲ್ಲ, ಪಾತಿ ಮಾಡಲಿಲ್ಲ, ಹಾಳುಬಿದ್ದ ನೆಲವನ್ನೆಲ್ಲ ತುಂಬಿತು. ಅದು ಅಮೆರಿಕ ಖಂಡದ್ದು, ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಅಂಜೂರದ ಹಾಗೆ ನಾವು ಕೈಯಾರೆ ಆರಿಸಿ ತಂದ ಇನ್ನೊಂದು ಮರಕ್ಕೂ ಬಳ್ಳಾರಿಯ ಹೆಸರು ಅಂಟಲಿ ಎಂಬ ಆಸೆ ನನ್ನದು.

"ಮತ್ತೆ ಯಾವಾಗ ಹಚ್ಚೋದು? ನಾಳೆನೇ ಹೋಗಿ ತರ್ತೀನಿ ಅಂತಾನೆ."

ಆಷಾಢದ ಗಾಳಿ ನಮ್ಮಿಬ್ಬರ ಮಾತನ್ನೇ ಹೊತ್ತೊಯ್ಯುತ್ತಿತ್ತು. ಈ ಗಾಳಿಯಲ್ಲಿ ಬರಿಬೇರು ಬೈಕಿನ ಹಿಂದೆ ಕಟ್ಟಿಕೊಂಡು ಬಂದರೆ ಊರು ಮುಟ್ಟುವಷ್ಟರಲ್ಲಿ ಕಟ್ಟಿಗೆ. ಮಲೆನಾಡಿನವರ ಹಾಗೆ ಮೃಗಶಿರಾ ಮಳೆಯನ್ನು ನಂಬಿ ನೆಡುವ ಸೀಮೆಯೂ ನಮ್ಮದಲ್ಲ; ವರ್ಷದ ಮಳೆ ಸುಮಾರು 500 ಮಿಲಿಮೀಟರ್, ಅದರಲ್ಲಿ ಸೆಪ್ಟೆಂಬರಿನದೇ ದೊಡ್ಡ ಪಾಲು. ಕಾಲುವೆಯೋ ಬೋರೋ ಕೈಯಲ್ಲಿದ್ದರೆ ಈಗಲೇ ಹಚ್ಚಬಹುದು. ಇಲ್ಲವಾದರೆ ಹುಬ್ಬಿ, ಉತ್ತರಿ ಮಳೆಗೆ ಕಾಯುವುದು ವಾಸಿ. ಹಾರೆಯಿಂದ ತೂತು ಹೊಡೆದು, ಸ್ಟಂಪಿನ ಕುತ್ತಿಗೆ ನೆಲಕ್ಕೆ ಸಮ ಬರುವಂತೆ ಇಳಿಸಿ, ಸುತ್ತ ಹಿಮ್ಮಡಿಯಿಂದ ಬಿಗಿಯಾಗಿ ತುಳಿಯಬೇಕು. ಒಳಗೆ ಗಾಳಿ ಉಳಿದರೆ ಬೇರು ಅಲ್ಲೇ ಒಣಗುತ್ತದೆ.

"ಅಲ್ಲಿ ನೀರಿಗೆ ತೊಂದ್ರೆ ಇಲ್ಲಕ್ಕಾ."

"ಹಂಗಾದ್ರೆ ತಡಿ" ಎಂದು ಒಳಗೆ ಹೋಗಿ ಅಕ್ಕಿ ತಂದ ಎರಡು ಗೋಣಿಚೀಲ ತಂದೆ. ಬಕೆಟ್ಟಿನಲ್ಲಿ ನೆನೆಸಿ ಹಿಂಡಿ ಗೋಡೆ ದಾಟಿಸಿದೆ. ಅವನು ತೆಗೆದುಕೊಂಡ, ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ನಿಮಗೇನಾದ್ರೂ ತರ್ಲಾ ಅಕ್ಕಾ ಆ ಕಡೆಯಿಂದ?"

ಬೇವು ಬಿದ್ದ ಕಟ್ಟೆಯ ಕಡೆ ನೋಡಿದೆ. "ಎರಡು ಅಂಜೂರದ ಸಸಿ. ಬೇರು ತೊಳೆದು ನೋಡಿ ತಾ."