ಒಂದಕ್ಕೆ ಹೋದರೆ ವಿಕೆಟ್ಟು

(ಹಿರಿಯಡ್ಕ ಪೇಟೆ. ರಾತ್ರಿ ಒಂಬತ್ತು ದಾಟಿದೆ. ಹೊರಗೆ ಆಟಿ ತಿಂಗಳ ಮಳೆ. ಗಿರಿಜಕ್ಕನ ಹೋಟೆಲಿನಲ್ಲಿ ಗೋಳಿಬಜೆ ಖಾಲಿಯಾಗಿ ಚಟ್ನಿ ಮಾತ್ರ ಉಳಿದಿದೆ. ಗೋಡೆಯ ಟೀವಿಯಲ್ಲಿ ಕ್ರಿಕೆಟ್. ಕೆಂಪು ಅಂಗಿ ಹಾಕಿದ ರಿಕ್ಷಾ ಸದಾಶಿವ ಕುರ್ಚಿಯ ಅಂಚಿನಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಶೇಖರ ಶೆಟ್ರು, ಎದುರಿಗೆ ದೊಡ್ಡ ಚೊಂಬಿನ ತುಂಬ ನೀರು.)

ಸದಾಶಿವ: ಏಳಿ ಶೆಟ್ರೆ, ಹೊತ್ತಾಯ್ತು.

ಶೆಟ್ರು: ಎಂತದ್ದಕ್ಕೆ?

ಸದಾಶಿವ: ಒಂದಕ್ಕೆ.

ಶೆಟ್ರು: ಈಗಷ್ಟೆ ಹೋಗಿ ಬಂದದ್ದಲ್ವಾ ಮಾರಾಯ?

ಸದಾಶಿವ: ಅದು ಪ್ರಿಯಾಂಶ್ ಆರ್ಯನದ್ದು. ಇದು ಪ್ರಭ್‌ಸಿಮ್ರನ್‌ದ್ದು. ನೋಡಿ, ಕೃಣಾಲ್ ಪಾಂಡ್ಯ ಬಾಲ್ ಹಿಡ್ಕೊಂಡು ನಿಂತಿದ್ದಾನೆ. ನೀವು ಹೀಗೆ ಕೂತ್ರೆ ಅವ ಏನು ಮಾಡ್ಲಿಕ್ಕಾಗ್ತದೆ?

ಶೆಟ್ರು: ಬರ್ತಾ ಇಲ್ಲ ಅಂದ್ರೆ ಒತ್ತಾಯದಲ್ಲಿ ತರ್ಲಿಕ್ಕಾಗ್ತದಾ?

ಸದಾಶಿವ: ನೀರು ಕುಡೀರಿ.

ಗಿರಿಜಕ್ಕ: ಸದಾ, ಅದು ಮೂರನೇ ಚೊಂಬು. ಬಜೆ ಡ್ಯಾಮಿನ ನೀರೆಲ್ಲ ಶೆಟ್ರಿಗೇ ಕುಡಿಸಿದ್ರೆ ಉಡುಪಿಯವರು ನಾಳೆ ಹಲ್ಲುಜ್ಜುವುದು ಎಂತದ್ರಲ್ಲಿ?

ಸದಾಶಿವ: ಗಿರಿಜಕ್ಕ, ನಿಮ್ಗೆ ಗೊತ್ತಿಲ್ಲ. ಫೈನಲಿನ ದಿನ ಪಂಜಾಬಿನದ್ದು ಎಷ್ಟು ವಿಕೆಟ್ ಬಿತ್ತು? ಏಳು. ಶೆಟ್ರು ಎಷ್ಟು ಸಲ ಎದ್ದು ಹೋದ್ರು? ಏಳು. ಇದೇ ಕುರ್ಚಿ, ಇದೇ ಬಾಗಿಲು.

ಶೆಟ್ರು: (ನಾಚಿಕೊಂಡು) ಅದೊಂದು ಹೌದು. ಭುವನೇಶ್ವರ್ ಒಂದೇ ಓವರಿನಲ್ಲಿ ವಢೇರನನ್ನೂ ಸ್ಟೊಯಿನಿಸ್‌ನನ್ನೂ ತೆಗೆದನಲ್ಲ, ಆಗ ನಾನು ಹೊರಗೆ ಬಂದು ಲುಂಗಿ ಸರಿ ಮಾಡ್ಲಿಕ್ಕೂ ಇವ ಬಿಡ್ಲಿಲ್ಲ. ಹಾಗೇ ತಿರುಗಿಸಿ ಒಳಗೆ ದೂಡಿದ.

ಸದಾಶಿವ: ದೂಡಿದ್ದಕ್ಕೆ ಬಿತ್ತು!

ಗಿರಿಜಕ್ಕ: ಕಪ್ ಎತ್ತುವಾಗ ಕೊಹ್ಲಿಯ ಪಕ್ಕದಲ್ಲಿ ಶೆಟ್ರನ್ನೂ ನಿಲ್ಲಿಸಬೇಕಿತ್ತು, ಪಾಪ. ಕೈ ತೊಳೆದಿದ್ರೆ.

(ಶೆಟ್ರು ಎದ್ದು ಹಿಂದಿನ ಬಾಗಿಲಿನಿಂದ ಹೋಗುತ್ತಾರೆ. ಟೀವಿಯಲ್ಲಿ ಗಲಾಟೆ. ಪ್ರಭ್‌ಸಿಮ್ರನ್ ಔಟ್.)

ಸದಾಶಿವ: ಹೋಯ್ತು! ಹೋಯ್ತು! ಈಗ ಎಂತ ಹೇಳ್ತೀರಿ ಅಕ್ಕ?

ಗಿರಿಜಕ್ಕ: ನಾನು ಹೇಳುವುದು ಒಂದೇ. ಇದು ಮರುಪ್ರಸಾರ.

(ಮೌನ. ಮಳೆಯ ಶಬ್ದ ಮಾತ್ರ.)

ಸದಾಶಿವ: ಗೊತ್ತುಂಟು.

ಗಿರಿಜಕ್ಕ: ಗೊತ್ತಿದ್ದೂ ಅವರನ್ನು ಓಡಿಸ್ತಾ ಇದ್ಯಾ? ಮ್ಯಾಚ್ ಆದದ್ದು ಜೂನ್ 3ಕ್ಕೆ, ಅಹಮದಾಬಾದಿನಲ್ಲಿ. ಆರ್‌ಸಿಬಿ 190, ಪಂಜಾಬ್ 184. ಆರು ರನ್ನಿನಲ್ಲಿ ಗೆದ್ದಾಯ್ತು, ಪಟಾಕಿ ಹೊಡೆದಾಯ್ತು, ನನ್ನ ಹೋಟೆಲಿನ ಎರಡು ಗ್ಲಾಸು ನೀನು ಕುಣಿದು ಒಡೆದದ್ದೂ ಆಯ್ತು. ಇನ್ನು ಯಾರನ್ನು ಔಟ್ ಮಾಡ್ಲಿಕ್ಕುಂಟು?

ಸದಾಶಿವ: ಆದ್ರೂ ರಿಸ್ಕ್ ಯಾಕೆ ಅಂತ.

ಶೆಟ್ರು: (ಬಾಗಿಲಲ್ಲಿ) ಬಿತ್ತಾ?

ಸದಾಶಿವ: ಬಿತ್ತು ಶೆಟ್ರೆ! ಕೂರ್ಬೇಡಿ. ಶ್ರೇಯಸ್ ಅಯ್ಯರ್ ಬರ್ತಾ ಇದ್ದಾನೆ, ಅವ ಒಂದೇ ರನ್ನಿಗೆ ಹೋಗ್ಬೇಕು.

ಗಿರಿಜಕ್ಕ: ಅವ ಅಂದೇ ಹೋಗಿದ್ದಾನೆ. ನೀವು ಕೂತ್ಕೊಳ್ಳಿ ಶೆಟ್ರೆ.

ಶೆಟ್ರು: ಹೌದಾ? ಇದು ಹಳೇದಾ? ನಾನು ಲೈವ್ ಅಂತ ನಂಬಿ ಎರಡು ಸಲ ಕಾಲು ಒದ್ದೆ ಮಾಡಿಕೊಂಡೆ ಮಾರಾಯ್ತಿ.

ಸದಾಶಿವ: ಅಕ್ಕ, ಇದು ನಾನೊಬ್ಬ ಹೇಳುವುದಲ್ಲ. ಟೀವಿಯಲ್ಲಿ ಕೂತ ಮಾಜಿ ಆಟಗಾರರೇ ಹೇಳ್ತಾರೆ, ಡ್ರೆಸ್ಸಿಂಗ್ ರೂಮಿನಲ್ಲಿ ವಿಕೆಟ್ ಬೀಳದಿದ್ರೆ ಕೂತ ಜಾಗದಿಂದ ಯಾರನ್ನೂ ಅಲ್ಲಾಡ್ಲಿಕ್ಕೆ ಬಿಡುವುದಿಲ್ಲ ಅಂತ. ಆಡಿದವರೇ ನಂಬ್ತಾರೆ. ನಮ್ಮ ಭಾಷೆಯ ಕಾಮೆಂಟರಿಯಲ್ಲಿ ವಿಜಯ್ ಭಾರದ್ವಾಜ್ ಉಂಟಲ್ಲ, 1999ರಲ್ಲಿ ನೈರೋಬಿಯಲ್ಲಿ ಮೊದಲ ಟೂರ್ನಿಯಲ್ಲೇ ಸರಣಿ ಶ್ರೇಷ್ಠ. ಅಂಥವರು ಮಾತಾಡುವ ಕಾಲ ಇದು. ಹಿಂದಿನ ಹಾಗೆ ಬರೀ ಸ್ಕೋರು ಓದುವವರಲ್ಲ.

ಶೆಟ್ರು: ಕನ್ನಡಕ ಹಾಕಿ ಆಡ್ತಿದ್ದ ಜನ. ಒಳ್ಳೆ ಆಟಗಾರ. ಆದ್ರೆ ಆಡಿದವರೆಲ್ಲ ಮೈಕ್ ಹಿಡಿಯುವುದು ಈಗ ಶುರುವಾದದ್ದಲ್ಲ. ರೇಡಿಯೋ ಕಾಲದಲ್ಲಿ ವಿಝಿ ಅಂತ ಒಬ್ಬರಿದ್ದರು, ವಿಜಯನಗರಂ ಮಹಾರಾಜ್‌ಕುಮಾರ್. 1936ರಲ್ಲಿ ಇಂಗ್ಲೆಂಡಿಗೆ ಹೋದ ಟೀಮಿನ ಕ್ಯಾಪ್ಟನ್. ಆಮೇಲೆ ರೇಡಿಯೋದಲ್ಲಿ ಪರಿಣತರು. ಒಮ್ಮೆ ತಾನು ಎಷ್ಟು ಹುಲಿ ಹೊಡೆದೆ ಅಂತ ಕೊಚ್ಚಿಕೊಳ್ತಿದ್ದರಂತೆ. ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯ್ ಕೇಳಿದನಂತೆ, ಕೋವಿ ಯಾಕೆ ಬೇಕಿತ್ತು, ನಿಮ್ಮ ಕಾಮೆಂಟರಿ ಬರುವಾಗ ಕಾಡಿನಲ್ಲಿ ಒಂದು ಟ್ರಾನ್ಸಿಸ್ಟರ್ ಇಟ್ಟು ಬಂದಿದ್ರೆ ಸಾಕಿತ್ತಲ್ಲ, ಬೇಸರದಲ್ಲೇ ಸಾಯ್ತಿತ್ತು ಅಂತ.

ಗಿರಿಜಕ್ಕ: (ನಗುತ್ತ) ಅದು ಸರಿ.

ಸದಾಶಿವ: ಎಲ್ಲರೂ ಹಾಗಲ್ಲ ಅಕ್ಕ. ರವಿಶಾಸ್ತ್ರಿ? ಮೂಲ ಮನೆ ಇಲ್ಲೇ ಕಾರ್ಕಳದ ಎರ್ಲಪಾಡಿ, ನನ್ನ ರಿಕ್ಷಾದಲ್ಲಿ ಕೂತ್ರೆ ಒಂದು ಪಾನ್ ಮುಗಿಯುವುದರೊಳಗೆ ಮುಟ್ಟಿಸ್ತೇನೆ. 1985ರಲ್ಲಿ ಬರೋಡದ ತಿಲಕ್ ರಾಜ್‌ಗೆ ಒಂದೇ ಓವರಿನಲ್ಲಿ ಆರು ಸಿಕ್ಸರ್. 2007ರಲ್ಲಿ ಡರ್ಬನ್ನಿನಲ್ಲಿ ಯುವರಾಜ್ ಆರು ಹೊಡೆಯುವಾಗ ಮೈಕಿನಲ್ಲಿ ಯಾರು? ಅವರೇ. 2011ರಲ್ಲಿ ಧೋನಿ ಸಿಕ್ಸರ್ ಹೊಡೆದು ವಿಶ್ವಕಪ್ ಮುಗಿಸುವಾಗ? ಅವರೇ. ಇದಕ್ಕೆ ಎಂತ ಹೇಳ್ತೀರಿ? ಮೈಕ್ ಹಿಡಿದ್ರೆ ಸಿಕ್ಸರ್ ಬೀಳ್ತದೆ. ಹಾಗೇ ಶೆಟ್ರು ಒಂದಕ್ಕೆ ಹೋದ್ರೆ ವಿಕೆಟ್.

ಗಿರಿಜಕ್ಕ: ಅವರು ಆರು ಸಿಕ್ಸರ್ ಹೊಡೆದವರು. ಇನ್ನೊಬ್ಬ ಹೊಡೆಯುವಾಗ ಅದು ಎಷ್ಟು ಕಷ್ಟ ಅಂತ ಹೇಳ್ಲಿಕ್ಕೆ ಬಾಯಿ ಉಂಟು. ಸಿಕ್ಸರ್ ಹೊಡೆದದ್ದು ಯುವರಾಜ್. ಕಾಮೆಂಟರಿ ಹೇಳಿದವರಲ್ಲ, ಕೇಳಿದವರಲ್ಲ, ಕೇಳ್ತಾ ಕೇಳ್ತಾ ಎದ್ದು ಹಿತ್ತಿಲಿಗೆ ಹೋದವರಂತೂ ಅಲ್ಲವೇ ಅಲ್ಲ.

ಸದಾಶಿವ: ಹಾಗಾದ್ರೆ ಲೆಕ್ಕ ನೋಡಿ. ಕೊಹ್ಲಿಯ ಅಂಗಿ ನಂಬ್ರ 18. ಐಪಿಎಲ್ಲಿನ 18ನೇ ವರ್ಷ. ಜೂನ್ 3, 2025. ಮೂರು, ಆರು, ಎರಡು, ಸೊನ್ನೆ, ಎರಡು, ಐದು. ಕೂಡಿಸಿ.

ಶೆಟ್ರು: (ಬೆರಳು ಮಡಚುತ್ತ) ಹದಿನೆಂಟು! ಹೌದು ಗಿರಿಜಮ್ಮ!

ಗಿರಿಜಕ್ಕ: ನನ್ನ ಗ್ಯಾಸಿನ ಬಿಲ್ಲೂ ಕೂಡಿಸಿದ್ರೆ ಎಲ್ಲಿಗೋ ಹದಿನೆಂಟು ಬರ್ತದೆ. ಏಪ್ರಿಲ್ 23 ಹೇಳು ನೋಡುವ.

ಸದಾಶಿವ: ಆಹಾ! ಅದು ನಮ್ಮ ದಿನ. 2013. ಗೇಲ್ 66 ಬಾಲಿಗೆ 175. ಟೀಮಿನದ್ದು 263!

ಗಿರಿಜಕ್ಕ: 2017ರ ಏಪ್ರಿಲ್ 23?

ಸದಾಶಿವ: (ಚಟ್ನಿ ನೋಡುತ್ತ) ಅದು ಕೊಲ್ಕತ್ತದಲ್ಲಿ.

ಗಿರಿಜಕ್ಕ: ಎಷ್ಟು?

ಸದಾಶಿವ: 49.

ಗಿರಿಜಕ್ಕ: ಎಷ್ಟಕ್ಕೆ?

ಸದಾಶಿವ: ಆಲೌಟ್.

ಗಿರಿಜಕ್ಕ: 2022ರ ಏಪ್ರಿಲ್ 23ಕ್ಕೆ ಹೈದರಾಬಾದಿನವರ ಎದುರು 68. ಅದೂ ಆಲೌಟ್. ದಿನ ಒಂದೇ, ಬಾಲ್ ಬೇರೆ. ಪಂಚಾಂಗಕ್ಕೆ ಬ್ಯಾಟಿಂಗ್ ಬರುವುದಿಲ್ಲ ಸದಾ.

ಸದಾಶಿವ: ಆ ದಿನ ಶೆಟ್ರು ನೋಡ್ಲಿಲ್ಲ.

ಗಿರಿಜಕ್ಕ: ಫೈನಲುಗಳಿಗೆ ಬಾ. 2009ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸೋತದ್ದು ಎಷ್ಟು ರನ್ನಿಗೆ? ಇದೇ ಆರು. ಆ ದಿನ ಅನಿಲ್ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದದ್ದು, ಸೋತ ಟೀಮಿನವರಾದ್ರೂ ಪಂದ್ಯಶ್ರೇಷ್ಠ ಅವರಿಗೇ ಕೊಟ್ಟದ್ದು. ಬಾಲ್ ಕೈಯಲ್ಲಿದ್ದ ಕುಂಬ್ಳೆಗೆ ಗೆಲ್ಲಿಸ್ಲಿಕ್ಕೆ ಆಗ್ಲಿಲ್ಲ. ಶೆಟ್ರ ಮೂತ್ರಕೋಶಕ್ಕೆ ಆಗ್ತದಾ?

ಸದಾಶಿವ: ಅಲ್ಲೇ ಉಂಟು ವಿಷಯ! 2009ರಲ್ಲಿ ಶೆಟ್ರಿಗೆ ಶುಗರ್ ಇರ್ಲಿಲ್ಲ. 2011ರಲ್ಲಿ ಚೆನ್ನೈಯಲ್ಲಿ ಸೋತಾಗ? ಇರ್ಲಿಲ್ಲ. 2016ರಲ್ಲಿ ನಮ್ಮದೇ ಬೆಂಗಳೂರಿನಲ್ಲಿ ಎಂಟು ರನ್ನಿಗೆ ಸೋತಾಗ?

ಶೆಟ್ರು: ಇರ್ಲಿಲ್ಲ. ಆಗ ದಿನಕ್ಕೆ ಎರಡು ಹೋಳಿಗೆ ಹೊಡೀತಿದ್ದೆ.

ಸದಾಶಿವ: ಕೇಳಿದ್ರಾ!

ಗಿರಿಜಕ್ಕ: ಶುಗರ್ ಬಂದದ್ದು ಯಾವಾಗ ಶೆಟ್ರೆ?

ಶೆಟ್ರು: 2018ಕ್ಕೆ.

ಗಿರಿಜಕ್ಕ: ಮತ್ತೆ 2018ರಿಂದ 2024ರ ತನಕ ಕಪ್ ಯಾಕೆ ಬರ್ಲಿಲ್ಲ?

ಸದಾಶಿವ: ಮಾತ್ರೆ ತಿನ್ತಾ ಇದ್ರು ಅಕ್ಕ. ಕಂಟ್ರೋಲಿನಲ್ಲಿತ್ತು.

(ಗಿರಿಜಕ್ಕ ಕೈಯಲ್ಲಿದ್ದ ಸೌಟು ಕೆಳಗಿಡುತ್ತಾಳೆ.)

ಗಿರಿಜಕ್ಕ: ಈಗ?

ಶೆಟ್ರು: (ನೆಲ ನೋಡುತ್ತ) ಅಂದ್ರೆ... ಪ್ಲೇಆಫ್ ಶುರುವಾದಾಗ ಸದಾ ಹೇಳಿದ, ಸ್ವಲ್ಪ ದಿನ ಬಿಡಿ ಶೆಟ್ರೆ ಅಂತ. ಗೆದ್ದದ್ದು ನೋಡಿ ಹಾಗೇ ಬಿಟ್ಟೆ.

ಗಿರಿಜಕ್ಕ: ಸದಾ! ನಿನ್ಗೆ ತಲೆ ಸಮ ಉಂಟಾ? ಗೆದ್ದವರಿಗೆ ಕೋಟಿಗಟ್ಟಲೆ ಹಣ. ಶೆಟ್ರ ಕಾಲಿಗೆ ಗಾಯವಾಗಿ ಮಾಯದೇ ಹೋದ್ರೆ ಮಣಿಪಾಲದ ಆಸ್ಪತ್ರೆಗೆ ಹಣ ಕಟ್ಟುವವ ಕೃಣಾಲ್ ಪಾಂಡ್ಯನಾ? ಅವ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದ, ಪಂದ್ಯಶ್ರೇಷ್ಠ ಆದ, ಮನೆಗೆ ಹೋದ. ಶೆಟ್ರು ಯಾರು ಅಂತ ಅವನಿಗೆ ಗೊತ್ತುಂಟಾ? ಮತ್ತೆ ಮರುದಿನ, ಜೂನ್ 4ಕ್ಕೆ, ಚಿನ್ನಸ್ವಾಮಿಯ ಬಾಗಿಲಲ್ಲಿ ನೂಕುನುಗ್ಗಲಾಗಿ 11 ಜನ ಸತ್ತರು. ನಾವಿಲ್ಲದಿದ್ರೆ ಕಪ್ಪಿಲ್ಲ, ಕಪ್ ನೋಡದಿದ್ರೆ ನಾವಿಲ್ಲ ಅಂತ ಮಕ್ಕಳ ತಲೆಗೆ ತುಂಬಿಸಿದವರು ಯಾರು? ಅಷ್ಟು ಜನರಿಗೆ ಬಾಗಿಲು ತೆರೆಯುವ ವ್ಯವಸ್ಥೆ ಮಾಡಬೇಕಾದವರ ತಪ್ಪು ಬೇರೆ. ಆದ್ರೆ ಈ ಮರುಳು ನಮ್ಮದು.

(ಯಾರೂ ಮಾತಾಡುವುದಿಲ್ಲ. ಶೆಟ್ರು ಚೊಂಬನ್ನು ದೂರ ಸರಿಸುತ್ತಾರೆ.)

ಸದಾಶಿವ: ಅದು ಬೇಸರದ್ದೇ ಅಕ್ಕ. ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ನಂಬಿಕೆ ಅಂತ ಒಂದು ಇರ್ತದೆ. ನಮ್ಮಲ್ಲಿ ಕೋಳಿ ಅಂಕಕ್ಕೆ ಕುಕ್ಕುಟ ಪಂಚಾಂಗ ನೋಡುವುದಿಲ್ವಾ? ಯಾವ ದಿನ ಯಾವ ಬಣ್ಣದ ಹುಂಜ ಗೆಲ್ತದೆ ಅಂತ ಹಿರಿಯರು ಸುಮ್ಮನೆ ಬರೆದಿಟ್ಟರಾ?

ಗಿರಿಜಕ್ಕ: ನನ್ನ ಮಾವ ಆ ಪಂಚಾಂಗ ಇಲ್ಲದೆ ಮನೆಯಿಂದ ಹೊರಡ್ತಿರ್ಲಿಲ್ಲ. ಎದುರಿನವನ ಸೊಂಟದಲ್ಲೂ ಅದೇ ಪಂಚಾಂಗ. ಇಬ್ಬರೂ ಓದಿ, ಇಬ್ಬರೂ ಹುಂಜ ಬಿಟ್ಟು, ರಾತ್ರಿ ಒಂದು ಮನೆಯಲ್ಲಿ ಪದಾರ್ಥ, ಒಂದು ಮನೆಯಲ್ಲಿ ಬೈಗುಳ. ಮಾವ ತಂದದ್ದು ಬೈಗುಳವೇ ಹೆಚ್ಚು. ಲುಧಿಯಾನದಲ್ಲಿ ಒಬ್ಬ ಶುಗರಿನ ಸರ್ದಾರ್ಜಿ ಇರುವುದಿಲ್ವಾ? ಅವನನ್ನು ಯಾರೋ ಒಂದಕ್ಕೆ ಓಡಿಸುವುದಿಲ್ವಾ? ಅವ ಹೋದಾಗ ಆರ್‌ಸಿಬಿಯ ಒಂಬತ್ತು ವಿಕೆಟ್ ಬಿತ್ತು. ಲೆಕ್ಕದಲ್ಲಿ ಶೆಟ್ರಿಗಿಂತ ಅವನೇ ಎರಡು ಮುಂದೆ. ಆದ್ರೂ ಸೋತ.

ಶೆಟ್ರು: (ಕಾಳಜಿಯಿಂದ) ಒಂಬತ್ತು ಸಲವಾ? ಪಾಪ, ಅವನದ್ದು ತುಂಬ ಹೆಚ್ಚುಂಟು. ತಪಾಸಣೆ ಮಾಡಿಸ್ಬೇಕು.

ಗಿರಿಜಕ್ಕ: ಮತ್ತೆ ಕಪ್ ನಿಮ್ಮಿಂದ ಬಂತು ಅಂತ ಕೊಚ್ಚಬೇಡ. 2024ರ ಮಾರ್ಚಿನಲ್ಲೇ ಬಂದಿತ್ತು. ಸ್ಮೃತಿ ಮಂಧಾನ ಎತ್ತಿದ್ದು. ಫೈನಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್.

ಸದಾಶಿವ: ಅದು ಹೆಂಗಸರದ್ದು ಅಲ್ವಾ ಅಕ್ಕ...

(ಗಿರಿಜಕ್ಕ ಅವನ ಮುಂದಿದ್ದ ಚಹಾದ ಲೋಟ ಎತ್ತಿಕೊಂಡು ಹೋಗುತ್ತಾಳೆ.)

ಸದಾಶಿವ: ಅರ್ಧ ಕುಡಿದದ್ದು ಅದು!

ಗಿರಿಜಕ್ಕ: ಉಳಿದರ್ಧ ಗಂಡಸರು ಮಾಡಿ ಕೊಡ್ಲಿ. ನಾನು ಶಾಲೆಯಲ್ಲಿ ಕಬಡ್ಡಿ ಆಡಿದವಳು, ಗೊತ್ತುಂಟಾ? ಇದೇ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸಿನಲ್ಲಿ 2010ರಲ್ಲಿ ಚಿನ್ನ ತಂದಳು, 2014ರಲ್ಲಿ ಮತ್ತೆ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ. ಅವಳು ರೈಡಿಗೆ ಹೋದಾಗ ಇಲ್ಲಿ ಯಾರು ಒಂದಕ್ಕೆ ಹೋಗಿದ್ರಿ? ಒಬ್ಬರೂ ಇಲ್ಲ. ನೀವು ಯಾರೂ ನೋಡ್ಲೇ ಇಲ್ಲ, ಆದ್ರೂ ಗೆದ್ದಳು. ಉಸಿರು ಹಿಡಿದದ್ದು ಅವಳು.

ಶೆಟ್ರು: ಅದು ಮಾತು. ಗಿರಿಜಮ್ಮ, ನಿನ್ನನ್ನೇ ಮಣಿಪಾಲದ ರೇಡಿಯೋದಲ್ಲಿ ಕೂರಿಸ್ಬೇಕು. ಮಾಜಿ ಆಟಗಾರ್ತಿ, ಬಾಯಿಯೂ ಉಂಟು.

ಗಿರಿಜಕ್ಕ: ಮಾತ್ರೆ ಎಲ್ಲಿ ನಿಮ್ದು?

ಶೆಟ್ರು: ಕಿಸೆಯಲ್ಲಿ.

ಗಿರಿಜಕ್ಕ: ಬಿಟ್ಟ ಮಾತ್ರೆ ಕಿಸೆಯಲ್ಲಿ ಯಾಕೆ?

ಶೆಟ್ರು: ಹೆಂಡತಿಗೆ ತೋರಿಸ್ಲಿಕ್ಕೆ.

ಗಿರಿಜಕ್ಕ: ಅದನ್ನು ನಿಮ್ಮಷ್ಟಕ್ಕೇ ಮತ್ತೆ ಶುರು ಮಾಡ್ಬೇಡಿ. ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗಿ, ಬಿಟ್ಟದ್ದು ಹೇಳಿ, ಬೈಸಿಕೊಂಡು ಬನ್ನಿ. ಬಿಟ್ಟದ್ದು ಯಾಕೆ ಅಂತ ಕೇಳಿದ್ರೆ ಇವನ ಹೆಸರು ಹೇಳಿ. ರಿಕ್ಷಾ ಬಾಡಿಗೆ ಇವನದ್ದೇ.

ಸದಾಶಿವ: ಬಾಡಿಗೆ ಬೇಡ ಅಕ್ಕ, ಕರ್ಕೊಂಡು ಹೋಗ್ತೇನೆ. ಆದ್ರೆ ಈಗೊಂದು ಓವರ್ ಉಂಟು. ಕಡೇ ಓವರ್. 29 ಬೇಕು. ಹೇಜಲ್‌ವುಡ್ ಬಾಲ್. ಶಶಾಂಕ್ ಸಿಂಗ್ ನಿಂತಿದ್ದಾನೆ, ಅವ ಹೊಡೀತಾನೆ, ನಂಗೆ ಗೊತ್ತುಂಟು. ಶೆಟ್ರೆ, ಒಂದೇ ಒಂದು ಸಲ. ಹನಿ ಆದ್ರೂ ಸಾಕು.

ಶೆಟ್ರು: ಇಲ್ಲ ಮಾರಾಯ. ಆವತ್ತು ಏಳು ಸಲ ಹೋದದ್ದು. ಎಂಟನೇದು ಕೊಟ್ರೆ ದಾಖಲೆ ತಪ್ಪಾಗ್ತದೆ.

ಸದಾಶಿವ: ಹೌದಲ್ಲ! ಏಳ್ಬೇಡಿ! ಅಲ್ಲಾಡ್ಬೇಡಿ! ಕಾಲು ಹಾಗೇ ಇರ್ಲಿ!

ಶೆಟ್ರು: ಈಗ ನಿಜವಾಗಿ ಬರ್ತಾ ಉಂಟು!

ಸದಾಶಿವ: ತಡ್ಕೊಳ್ಳಿ ಶೆಟ್ರೆ, ಆರು ಬಾಲ್! ಒಂದನೇದು ಖಾಲಿ. ಎರಡನೇದೂ ಖಾಲಿ. ಅಯ್ಯೋ, ಸಿಕ್ಸರ್! ಫೋರ್! ಅಕ್ಕ, ಎದೆ ಹೊಡ್ಕೊಳ್ತಾ ಉಂಟು!

(ಗುಡುಗು. ಕರೆಂಟ್ ಹೋಗುತ್ತದೆ. ಟೀವಿ ಕಪ್ಪು. ಶೆಟ್ರು ಓಡಿದ ಸದ್ದು. ಕತ್ತಲಲ್ಲಿ ಸದಾಶಿವನ ಮೊಬೈಲ್ ಹೊತ್ತಿಕೊಳ್ಳುತ್ತದೆ.)

ಸದಾಶಿವ: (ಫೋನಿನಲ್ಲಿ, ಗಾಬರಿಯಿಂದ) ಹಲೋ, ಪರ್ಕಳದಲ್ಲಿ ಕರೆಂಟ್ ಉಂಟಾ? ಟೀವಿ ಹಾಕು ಮಾರಾಯ, ಬೇಗ... ಎರಡು ಬಾಲ್ ಬಾಕಿ ಉಂಟು. ಗೆದ್ರಾ ನಮ್ಮವರು?