ಓಮಾಹಾ, ರಬಕವಿ, ಹೋಳಿಗೆ

ಬೀಗರ ಮುಂದೆ ನನ್ನ ಮಾನ ಹೋದದ್ದು ಜಮಖಂಡಿಯ ನಮ್ಮ ಮನೆಯಲ್ಲೇ. ಆದರೆ ಅದಕ್ಕೆ ಮುಹೂರ್ತ ಇಟ್ಟದ್ದು ಅಮೆರಿಕದಲ್ಲಿ.

ಹೋದ ಚಳಿಗಾಲ ಡಲ್ಲಾಸಿನಲ್ಲಿ ಮಗನ ಮನೆಯಲ್ಲಿದ್ದಾಗ ಟಿ.ವಿ.ಯಲ್ಲಿ ಅವರ ಫುಟ್‌ಬಾಲ್ ನೋಡಿದೆವು. ಹೆಸರಿಗೆ ಫುಟ್‌ಬಾಲು, ಕಾಲಿಗಿಂತ ಬಾಯಿಗೇ ಕೆಲಸ ಹೆಚ್ಚು. ಎರಡು ಕಡೆ 11-11 ಆಳು ಗೂಳಿಗಳ ಹಾಗೆ ಎದುರುಬದುರು ನಿಂತಿರುತ್ತಾರೆ. ನಡುವಿನವನು ಬಗ್ಗಿ ಚೆಂಡು ಹಿಡಿದಿರುತ್ತಾನೆ. ಅವನ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಎಂಬ ಮನುಷ್ಯ "ಬ್ಲೂ ಫಾರ್ಟಿಟೂ! ಸೆಟ್! ಹಟ್! ಹಟ್!" ಎಂದು, ನಾವು ನಾಯಿಗೆ "ಹಚಾ" ಅನ್ನುವ ಧಾಟಿಯಲ್ಲಿ ಒದರುತ್ತಾನೆ. ಚೆಂಡು ಕಾಲ ಸಂದಿಯಿಂದ ಹಿಂದಕ್ಕೆ ಬಂದದ್ದೇ ತಡ, ಎಲ್ಲರೂ ಒಬ್ಬರ ಮೇಲೊಬ್ಬರು.

"ಏನೋ ಹಂಗಂದ್ರ?" ಎಂದೆ.

"ಅಪ್ಪಾ, ಭಾಳಷ್ಟು ಮಾತಿಗೆ ಅರ್ಥನ ಇಲ್ಲ. ಮೊದಲ ಗುಂಪುಗೂಡಿ 'ಎರಡನೇ ಹಟ್‌ಗೆ' ಅಂತ ಪಿಸುಗುಟ್ಟಿರ್ತಾರ. ಉಳಿದದ್ದೆಲ್ಲ ಎದುರಿನವರನ್ನ ಯಾಮಾರಿಸಾಕ. ಚೆಂಡು ಅಲುಗೋಕಿಂತ ಮೊದಲ ಜಿಗಿದ್ರ 5 ಗಜ ದಂಡ."

ಪೇಟನ್ ಮ್ಯಾನಿಂಗ್ ಎಂಬಾತನ ಕತೆಯನ್ನೂ ಹೇಳಿದ. ಓಮಾಹಾ ಎಂಬುದು ನೆಬ್ರಾಸ್ಕಾದ ಒಂದು ಊರು. 2014ರ ಜನವರಿ 12ರಂದು ಡೆನ್ವರ್ ತಂಡದ ಮ್ಯಾನಿಂಗ್ ಒಂದೇ ಪಂದ್ಯದಲ್ಲಿ 44 ಸಲ "ಓಮಾಹಾ" ಎಂದು ಕೂಗಿದನಂತೆ. ಸ್ಯಾನ್ ಡಿಯೇಗೊದವರು ಮತ್ತೆ ಮತ್ತೆ ಮೊದಲೇ ಜಿಗಿದು ದಂಡ ತೆತ್ತರು. ಅರ್ಥವೇನೆಂದು ಕೇಳಿದರೆ, ಗಾಳಿ ಯಾವ ಕಡೆ ಬೀಸುತ್ತದೆ, ಅಂಗಿ ಯಾವುದು ಎಂಬುದರ ಮೇಲೆ ಹೋಗುತ್ತದೆ ಎಂದು ನಗಿಸಿಬಿಟ್ಟನಂತೆ.

ನನಗೆ ತಲೆ ಗಿರ್ರೆಂದಿತು. ಹೆಂಡತಿ ಬಟಾಣಿ ಸುಲಿಯುತ್ತಲೇ ಹೇಳಿದಳು: "ಇದರಾಗ ಏನೈತಿ? ಹೋಳಿಗಿ ಕಡಿಮಿ ಬಿದ್ದಾಗ ನಾ ಮಾಡೂದೂ ಇದನ ಅಲ್ಲೇನು?"

ಹೌದು. ಹೋಳಿಗೆ ಕಡಿಮೆ ಬಿದ್ದರೆ ಬಡಿಸುವಾಗ ನನ್ನ ತಾಟಿಗೆ ಸೌಟು ತಾಗಿಸುತ್ತಾಳೆ. ಆಗ ನಾನು "ನನಗ ಸಾಕು" ಅನ್ನಬೇಕು. ಯಜಮಾನನೇ ಸಾಕೆಂದ ಮೇಲೆ ಪಾವಣ್ಯಾರೂ ಸಂಕೋಚಪಟ್ಟು ಸಾಕೆನ್ನುತ್ತಾರೆ ಎಂಬುದು ಲೆಕ್ಕ. ಒಮ್ಮೆ ಟಣ್ ಎಂದ ಸದ್ದು ಕೇಳಿ ಪಕ್ಕದ ಪಾವಣ್ಯಾ ತನಗೇ ಕರೆ ಬಂತೆಂದು ತಾಟು ಚಾಚಿದ. ಅಲ್ಲಿಗೆ ಸೌಟು ನಿವೃತ್ತವಾಯಿತು.

ಅಮೆರಿಕದಲ್ಲೂ ಮೊದಲು ಹೀಗೇ ಇತ್ತಂತೆ. ಕ್ವಾರ್ಟರ್‌ಬ್ಯಾಕ್ ಮಾತಾಡದೆ ನಡುವಿನವನ ಕಾಲು ಕೆರೆಯುತ್ತಿದ್ದ. 1890ರ ಸುಮಾರಿಗೆ ಎದುರಾಳಿಯೊಬ್ಬ ಜಾನ್ ಹೈಸ್‌ಮನ್ ಎಂಬ ಆಟಗಾರನ ಕಾಲನ್ನು ಗುಟ್ಟಾಗಿ ಕೆರೆದು ಮೋಸ ಮಾಡಿದ, ಆ ಮೇಲೆ ಹೈಸ್‌ಮನ್ ಬಾಯಿಂದ ಒದರುವ ಪದ್ಧತಿ ತಂದ ಎಂದು ಕತೆ. ಕಾಲಿನ ಸಂಜ್ಞೆ ನಮಗೂ ಹೊಸದಲ್ಲ. ಗದಾಯುದ್ಧವನ್ನು ಕಾವ್ಯ ಮಾಡಿದ ರನ್ನ ನಮ್ಮ ಪಕ್ಕದ ಮುಧೋಳದವನು. ಮಹಾಭಾರತದ ಆ ಯುದ್ಧದಲ್ಲಿ ಅರ್ಜುನ ತನ್ನ ತೊಡೆ ತಟ್ಟಿದ, ಭೀಮ ದುರ್ಯೋಧನನ ತೊಡೆ ಮುರಿದ. ಭೀಮನ ಜಾಗದಲ್ಲಿ ನಾನಿದ್ದರೆ "ಯಾಕೋ, ಸೊಳ್ಳಿ ಕಡೀತೇನು?" ಎಂದು ಕೇಳಿ ದ್ವಾಪರಯುಗವನ್ನೇ ಕೆಡಿಸುತ್ತಿದ್ದೆ.

ಊರಿಗೆ ಮರಳಿದ ಮೇಲೆ ಮ್ಯಾನಿಂಗ್‌ನ ದಾರಿ ಹಿಡಿದೆ. ಊರ ಹೆಸರೇ ವಾಸಿ ಎಂದು ನಾನೇ ಪಟ್ಟಿ ಮಾಡಿದೆ. "ರಬಕವಿ" ಎಂದರೆ ಹೋಳಿಗೆ ಮುಗಿಯಿತು, ಸಾಕು ಅನ್ನು. "ಬನಹಟ್ಟಿ" ಎಂದರೆ ಬೇಕಾದಷ್ಟಿದೆ, ಒತ್ತಾಯ ಮಾಡು. "ಬೀಳಗಿ" ಎಂದರೆ ಹರಟೆ ಸಾಕು, ಎಲೆ-ಅಡಿಕೆ ತಾ. "ಮುಧೋಳ" ಎಂದರೆ ಏನೂ ಇಲ್ಲ, ಬರೀ ಯಾಮಾರಿಸಲು. ಬೀಗರ ನಡುವೆ ಊರಿನ ಮಾತು ಸಹಜ, ಯಾರಿಗೂ ಅನುಮಾನ ಬರದು. ದೀಪಾವಳಿಗೆ ಮಗಳ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ, ಬೀಗತಿ ಒಳಗಿನಿಂದ ಗಂಡನಿಗೆ "ಜಮಖಂಡ್ಯಾಗ ಮಳಿ ಆತಂತೇನ್ರಿ?" ಎಂದು ಮೂರು ಸಲ ಕೇಳಿದ್ದರು. ಬೀಗರು ಬಾಯಿ ತೆರೆಯುವ ಮೊದಲೇ, ಶೇಂಗಾ ಹೋಳಿಗೆ ಮುರಿಯುತ್ತ, ಮೂರು ಸಲವೂ ನಾನೇ ವಿವರವಾಗಿ ಉತ್ತರ ಕೊಟ್ಟಿದ್ದೆ.

ಹೋಳಿ ಹುಣ್ಣಿಮೆಗೆ ಅದೇ ಬೀಗರು ಬಂದರು. ಹೂರಣದ ಹೋಳಿಗೆ, ಕಟ್ಟಿನ ಸಾರು, ತುಪ್ಪ. ನಾನು ಕಿವಿ ನಿಮಿರಿಸಿಕೊಂಡು ಕೂತೆ.

"ರೀ, ಮುಧೋಳ ಬಸ್ ಹೋತೇನ್ರಿ?"

"ನನಗ ಸಾಕು!" ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ತಾಟಿಗೆ ಇನ್ನೂ ಉಪ್ಪು ಕೂಡ ಬಿದ್ದಿರಲಿಲ್ಲ. ಬೀಗರು ನನ್ನನ್ನೊಮ್ಮೆ ನೋಡಿ ಕೆಮ್ಮಿದರು.

ಎರಡನೇ ಸುತ್ತಿಗೆ ಬಂತು ನಿಜವಾದ ಕರೆ: "ರೀ, ರಬಕವಿಗೆ ಫೋನ್ ಹಚ್ಚೀರೇನು?"

"ರಬಕವ್ಯಾಗ ಯಾರಿಗ್ರಿ? ನಾನ ಇಲ್ಲಿ ಬಂದು ಕುಂತೇನಲ್ರಿ!" ಎಂದರು ಬೀಗರು.

ಬೀಗರು ರಬಕವಿಯ ಸೀರೆ ವ್ಯಾಪಾರಿ ಎಂಬುದು ಪಟ್ಟಿ ಮಾಡುವಾಗ ನನಗೆ ಹೊಳೆದೇ ಇರಲಿಲ್ಲ. ಗಾಬರಿಯಲ್ಲಿ ಪಟ್ಟಿಯೂ ಕಲಸಿಹೋಯಿತು. ಹೇಳಿಕೇಳಿ ರಬಕವಿ-ಬನಹಟ್ಟಿ ಎರಡಕ್ಕೂ ಒಂದೇ ನಗರಸಭೆ. ನನ್ನ ತಲೆಯೊಳಗೂ ಎರಡೂ ಒಂದಾಗಿ, "ಬೀಗರಿಗೆ ಇನ್ನೆರಡು ಹಾಕು, ನಾಚಿಕೋತಾರ ಅವರು!" ಎಂದು ಒದರಿದೆ.

ಅಡುಗೆಮನೆ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಎರಡು ಹೋಳಿಗೆ ಬಂದವು. ಅವು ಅವಳು ತನಗೆಂದು ಎತ್ತಿಟ್ಟುಕೊಂಡವು ಎಂದು ಅವು ತಾಟಿಗೆ ಬಿದ್ದ ರೀತಿಯಿಂದಲೇ ತಿಳಿಯಿತು.

ತಪ್ಪಿಗೆ ದಂಡ ತಪ್ಪಲಿಲ್ಲ. ಅಮೆರಿಕದಲ್ಲಾದರೆ 5 ಗಜ. ನನ್ನದು ಸೀರೆ, 6 ಗಜ, ಅದೂ ಬೀಗರ ಅಂಗಡಿಯದೇ, ಬೀಗತನದ ಸಂಕೋಚದಲ್ಲಿ ಚೌಕಾಸಿ ಮಾಡುವಂತಿಲ್ಲ. ಪಟ್ಟಿ ಒಲೆಗೆ ಹೋಯಿತು. ಗದ್ದಲದ ಮೈದಾನದಲ್ಲಿ ಮಾತು ಕೇಳಿಸದಿದ್ದಾಗ ಅವರೂ ಬರೀ ಸನ್ನೆಯಿಂದ ಆಡುತ್ತಾರಂತೆ. ನಮ್ಮ ಮನೆಯಲ್ಲಿ ಈಗ ಅದೇ: ಗದ್ದಲವಿಲ್ಲ, ಮಾತಿಲ್ಲ, ಬರೀ ಒಂದು ನೋಟ. ಅದಕ್ಕೂ ನಾನು ಉಪ್ಪಿನಕಾಯಿ ತಂದುಕೊಡುತ್ತೇನೆ.

ಅಂದು ಹೊರಡುವಾಗ ಬೀಗರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಹೆಂಗಸರು ಒಳಗಿರುವುದನ್ನು ನೋಡಿಕೊಂಡು, ನನ್ನ ಕಿವಿಗೆ ಬಾಯಿ ತಂದರು.

"ಬೀಗರ, ನಮ್ಮ ಮನ್ಯಾಗ ಇದಕ್ಕ ಜಮಖಂಡಿ ಅಂತೀವ್ರಿ."